ಹದಿನಾಲ್ಕನೇ ಪುಟದ ಆಡು

ಹಸಿರಿಗೇ ಆರು ಬಟ್ಟಲು ಇಟ್ಟಿದ್ದೆ.
ಬೆಳಗ್ಗೆ ಬೆಳಗ್ಗೆ ಕುಕ್ಕರಹಳ್ಳಿ ಏರಿ ಮೇಲೆ ನಡೆದು
ಎಲೆಗಳ ಬೆನ್ನು ತಿರುಗಿಸಿ ನೋಡಿ ಬಂದು
ಕಲಸಿದ ಹಸಿರು.
ಕಾಡು ಬರೆದೆ. ಬಳ್ಳಿ, ಬಿಳಲು, ಕಲ್ಲಿನ ಮೇಲೆ ಪಾಚಿ.
ನಡುವೆ ಚಿರತೆ,
ಹಾಲುಹಲ್ಲಿನ ಮಗುವೂ ಮುದ್ದಿಸುವಂಥದ್ದು.
ರೆಪ್ಪೆ ಸ್ವಲ್ಪ ಉದ್ದವಾಗಿತ್ತು, ಒಪ್ಪಿಕೊಳ್ಳುತ್ತೇನೆ.

ಇಪ್ಪತ್ನಾಲ್ಕು ಪುಟ. ಇನ್ನೂ ಹೊಲಿಯದ ಹಾಳೆಗಳಿಗೆ
ಕ್ಲಿಪ್ಪು ಹಾಕಿ, ಪಾಂಡವಪುರದ ಬಸ್ಸು ಹತ್ತಿ,
ಅಲ್ಲಿಂದ ಆಟೋದಲ್ಲಿ
ನಾಲೆ ಪಕ್ಕದ ಒಂದು ಶಾಲೆಗೆ ಹೋದೆ.
ಹದಿನೇಳು ಮಕ್ಕಳು, ಒಂದು ಜಮಖಾನ,
ಬಿಸಿಯೂಟದ ಸಾರಿನ ವಾಸನೆ.
ಓದತೊಡಗಿದೆ:
"ದೂರದ, ದೂರದ, ದಟ್ಟ ಕಾಡಿನಲ್ಲಿ
ಒಂದು ಚಿರತೆ ಇತ್ತು..."

"ದೂರ ಇಲ್ಲ ಮಿಸ್."
ಎರಡನೇ ಸಾಲಿನಿಂದ ಒಂದು ದನಿ.
ಮೌಲ್ಯ. ಮೂರನೇ ಕ್ಲಾಸು. ಮುಂದಿನ ಹಲ್ಲು ಎರಡಿಲ್ಲ.
"ನಮ್ ಕಬ್ಬಿನ್ ಗದ್ದೇಲೇ ಐತೆ."

ಯಾರೂ ನಗಲಿಲ್ಲ.
ನಾಲೆಗೆ ನೀರು ಬಿಟ್ಟಿದ್ದಾರೆ ಅಂದ ಹಾಗಿತ್ತು ಅದು.

ಹೋದ ಸಲ ಕಟಾವಿನ ದಿನ
ತರಗಿನ ಮೇಲೆ ಮೂರು ಮರಿ.
"ಕಣ್ಣೇ ಬಿಟ್ಟಿರ್ನಿಲ್ಲ."
ಮಚ್ಚು ಕೆಳಗಿಟ್ಟು ಎಲ್ಲರೂ ಬದುವಿಗೆ ಬಂದು ಕೂತರಂತೆ.
ಅವಳ ತಾತ ಶಿವನಂಜೇಗೌಡರು
ಅಷ್ಟು ಕಬ್ಬು ಹಾಗೇ ಬಿಡಿ ಅಂದರಂತೆ.
ಬೋಳು ಗದ್ದೆಯ ನಡುವೆ ಒಂದು ತುಂಡು ಹಸಿರು,
ಹಜಾಮ ಬಿಟ್ಟ ಜುಟ್ಟಿನ ಹಾಗೆ.
ರಾತ್ರಿ ತಾಯಿ ಬಂದು
ಒಂದೊಂದನ್ನೇ ಕಚ್ಚಿಕೊಂಡು ಹೋಯಿತು.
ಬೆಳಗ್ಗೆ ಜುಟ್ಟನ್ನೂ ಕತ್ತರಿಸಿದರು,
ಫ್ಯಾಕ್ಟರಿ ಲಾರಿ ಕಾಯುವುದಿಲ್ಲವಲ್ಲ.

ಎಷ್ಟು ಚೆನ್ನಾಗಿದೆ, ಇದನ್ನೇ ಕೊನೆಯ ಪುಟ ಮಾಡಬಹುದು ಎಂದು
ಮನಸ್ಸಿನಲ್ಲೇ ಪೆನ್ಸಿಲ್ ಚೂಪು ಮಾಡುತ್ತಿದ್ದೆ.
ಮೌಲ್ಯ ಅಂದಳು:
"ಆಮ್ಯಾಕೆ ನಮ್ ಬೋರೀನ ಹೊತ್ಕಂಡೋಯ್ತು."

ಬೋರಿ ಆಡು. ಬಲಗಿವಿಯಲ್ಲಿ ತೂತು.
ಇವಳ ಸ್ಕೂಲ್ ಬ್ಯಾಗಿನ ಪಟ್ಟಿಯನ್ನೂ ತಿಂದಿತ್ತಂತೆ.
"ಅದೇ ಚಿರತೆಯಾ?" ಕೇಳಿದೆ.
"ಇನ್ಯಾವ್ದು? ಮರೀಗೆ ಹಾಲು ಬರ್ಬೇಕಲ್ಲ ಮಿಸ್."
ಅಂದವಳು ನನ್ನ ಹಾಳೆಯ ಮೇಲೆ ಬೆರಳಿಟ್ಟಳು.
"ಇದು ಏನ್ ತಿಂತದೆ?"

ಹಾಳೆ ತಿರುಗಿಸಿದೆ. ಮತ್ತೆ ತಿರುಗಿಸಿದೆ.
ಚಿಟ್ಟೆಯ ಹಿಂದೆ ಓಡುತ್ತದೆ, ಚಂದಿರನನ್ನು ನೋಡುತ್ತದೆ,
ಹೊಳೆಯಲ್ಲಿ ತನ್ನ ಮುಖ ಕಂಡು ಬೆರಗಾಗುತ್ತದೆ.
ಇಪ್ಪತ್ನಾಲ್ಕು ಪುಟ ಉಪವಾಸ.

ಮನೆಗೆ ಬಂದು ಐದು ಬಟ್ಟಲು ತೊಳೆದೆ.
ಕಬ್ಬಿಗೆ ಅಷ್ಟು ಹಸಿರು ಬೇಡ.
ಕಂದು ಬೇಕು, ಬೂದಿ ಬೇಕು,
ಸೂಲಂಗಿಗೆ ಸಂಜೆಯ ಧೂಳಿನಂಥ ಒಂದು ಬಣ್ಣ ಬೇಕು,
ಅದು ಮೂರು ದಿನವಾದರೂ ಬರಲಿಲ್ಲ.
ಚಿರತೆಯ ರೆಪ್ಪೆ ಕೆರೆದು ತೆಗೆದೆ.
ಆಮೇಲೆ ಚಿರತೆಯನ್ನೇ ತೆಗೆದೆ.
ಗರಿಗಳ ಸಂದಿಯಲ್ಲಿ ಒಂದು ಕಿವಿ ಉಳಿಸಿದೆ, ಅರ್ಧ ಬಾಲ.

ಪ್ರಕಾಶಕ ಮಹದೇವಸ್ವಾಮಿ ತಲೆ ಕೆರೆದುಕೊಂಡರು.
"ಕಾಡೆಲ್ಲಿ ಮೇಡಂ? ಕಾಡಿಲ್ಲದ ಕಾಡುಪ್ರಾಣಿ ಪುಸ್ತಕ
ಯಾರು ತಗೋತಾರೆ?"
ಒಂದು ಲೋಟ ಕಾಫಿಯಾದ ಮೇಲೆ ಒಪ್ಪಿದರು.
"ಆದ್ರೆ ರಕ್ತ ಬೇಡಿ. ಮಕ್ಕಳು."
ರಕ್ತ ನನಗೂ ಬೇಕಿರಲಿಲ್ಲ.

ಮೊನ್ನೆ ಶಿವರಾಂಪೇಟೆಯ ಪ್ರೆಸ್ಸಿನ ಹುಡುಗ ಫೋನು ಮಾಡಿದ:
"ಮೇಡಂ, ಹದಿನಾಲ್ಕನೇ ಪುಟದಲ್ಲಿ ಆಡು ಬಿಟ್ಟೋಗಿದೆ.
ಹದಿಮೂರರಲ್ಲಿದೆ, ಎಲೆ ತಿಂತಿದೆ.
ಹದಿನೈದರಲ್ಲಿ ಮರಿಗಳು ಹಾಲು ಕುಡೀತಿವೆ.
ಮಧ್ಯೆ ಬರೀ ಗೂಟ, ಹಗ್ಗ.
ಕಳಿಸ್ತೀರಾ? ಕೂರಿಸಿಬಿಡ್ತೀನಿ."

ಅವನ ಹಿಂದೆ ಮೆಷಿನ್ನು ಓಡುತ್ತಿತ್ತು,
ಬೇರೆ ಯಾರದೋ ಲಗ್ನಪತ್ರಿಕೆ.

"ಬೇಡಪ್ಪ," ಅಂದೆ.
"ಹಗ್ಗದ ತುದಿ ಸರಿಯಾಗಿ ಬಂದಿದೆಯಾ ನೋಡು.
ಎಳೆ ಎಳೆ ಬಿಟ್ಟಿರಬೇಕು."