ಮೂರು ತೂತು

ಮರದ ದಿಮ್ಮಿಗಳ ಮೇಲೆ ನಿಂತಿದೆ ಹಳೆಯ ಒನ್-ಎಯ್ಟೀನು,
ನಾಲ್ಕೂ ಚಕ್ರ ಕಳಚಿ,
ಸ್ನಾನಕ್ಕೆ ಕೂತ ಮುದುಕನ ಹಾಗೆ ಸ್ವಲ್ಪ ನಾಚಿಕೊಂಡು.
ಈಗಿನ ಕಾರುಗಳು ಮೂಗಿನಿಂದ ಎಳೆಯುತ್ತವೆ;
ಇದು ಹಿಂದಿನಿಂದ ತಳ್ಳುವ ಜಾತಿ.

ಲವೀನಾ ಕ್ಯೂರಿಂಗ್ ವರ್ಕ್ಸಿನಲ್ಲಿ ಕಾಫಿ ರುಚಿ ನೋಡುವವಳು.
ಚಮಚದಿಂದ ಸುರ್ರೆಂದು ಎಳೆದು, ಉಗಿದು,
ಯಾವ ಗುಡ್ಡದ ಯಾವ ಮಗ್ಗುಲಿನ ಬೀಜವೆಂದು ಹೇಳಬಲ್ಲಳು.
ಕಾರಿನ ದೂರನ್ನೂ ಹಾಗೇ ಹೇಳಿದಳು:
"ಮೊದಲ ಗುಟುಕು ಸರಿ ಜವರಣ್ಣ,
ತಿರುವಿನ ನಡುವೆ ಮೈಯೆಲ್ಲ ಒಂದು ಕಡೆ ವಾಲಿ
ಕೊನೆಯಲ್ಲಿ ಏನೋ ಮಂಕು."

ನನಗೆ ಅರ್ಥವಾಯಿತು.
ಇಪ್ಪತ್ತೆಂಟು ವರ್ಷ ಕಾರಿನಡಿ ಮಲಗಿದವನು,
ಆಕಾಶಕ್ಕಿಂತ ಹೆಚ್ಚು ಚಾಸಿಗಳನ್ನು ನೋಡಿದವನು ನಾನು.
ಶಾಕ್ ಅಬ್ಸಾರ್ಬರನ್ನು ಒತ್ತಿದರೆ
ಕಡ್ಡಿ ಒಳಗೇ ಉಳಿಯಿತು, ಎಣ್ಣೆ ಕಾರಿಕೊಂಡು.
ಬುಷ್ಷುಗಳು ಹಳೇ ಚಪ್ಪಲಿ.
ಸ್ಪ್ರಿಂಗು ಕುಸಿದು ಒಂದು ಬೆರಳು ಕುಳ್ಳಗಾಗಿತ್ತು.
ಹೊಸವು ಕೊಯಮತ್ತೂರಿನಿಂದ ಬಂದವು.
ಬಾರದೇ ಉಳಿದದ್ದು ಹಿಂದಿನ ಸ್ವೇ ಬಾರು,
ಈ ಚಕ್ರ ಎದ್ದರೆ ಆ ಚಕ್ರಕ್ಕೆ ಸುದ್ದಿ ಮುಟ್ಟಿಸುವ ಕಂಬಿ.

ಉಪ್ಪಳ್ಳಿಯ ಈರಾಚಾರ್ರ ಕುಲುಮೆಗೆ ಹೋದೆ.
ಮಚ್ಚು, ಗುದ್ದಲಿ, ಕಾಫಿ ಗಿಡ ಕಸಿ ಮಾಡುವ ಕತ್ತಿ ತಟ್ಟುವ ಕೈ.
ನೆಲದ ಮೇಲೆ ಚಾಕ್‌ಪೀಸಿನಲ್ಲಿ ಬರೆದು ತೋರಿಸಿದೆ,
ಲಾಳವನ್ನು ಎಳೆದು ಅಗಲಿಸಿದ ಹಾಗೆ.
"ಇದೇನ್ ಮಾಡ್ತದೆ?"
"ವಾಲೋದನ್ನ ತಡೀತದೆ."
"ಪೂರ್ತಿ?"
"ಪೂರ್ತಿ ಅಲ್ಲ."
"ಹಂಗಾದ್ರೆ ಸರಿ," ಅಂದು ತಿದಿ ಒತ್ತಿದರು.

ಸಲಾಕೆ ಕೆಂಪಾಯಿತು. ಬೆಂಕಿಯ ಕೆಂಪಲ್ಲ,
ಜನವರಿಯ ಅರೇಬಿಕಾ ಹಣ್ಣು,
ಕೀಳಲು ಇನ್ನೊಂದು ದಿನ ಇದೆ ಅನ್ನುವ ಕೆಂಪು.
ಆಗ ಬಗ್ಗಿಸಿದರು. ಎಣ್ಣೆಗೆ ಅದ್ದಿದರು.
ಬೀದಿಯ ನಾಯಿಗಳೆಲ್ಲ ಸೀನಿದವು.
ಮತ್ತೆ ನಿಧಾನಕ್ಕೆ ಕಾಯಿಸಿ
ನವಿಲಿನ ಕತ್ತಿನ ನೀಲಿ ಬಂದಾಗ ನಿಲ್ಲಿಸಿದರು:
"ಇಲ್ಲಾಂದ್ರೆ ಸೊಕ್ಕು ಜಾಸ್ತಿಯಾಗಿ ಮುರೀತದೆ."

ಎರಡು ತುದಿಗೂ ಮೂರು ಮೂರು ತೂತು.
ಹೊರಗಿನದು ಮೆದು, ಒಳಗಿನದು ಗಟ್ಟಿ,
ನಡುವಿನದು ನಡುವೆ.
ಲವೀನಾ ಕೇಳಿದ್ದು ಒಳಗಿನದು.
ಬೇಡ ಅನ್ನಬೇಕಿತ್ತು.
ಅನ್ನಲಿಲ್ಲ; ಬಿಲ್ಲಿಗೆ ಅವಳು ಚೌಕಾಸಿ ಮಾಡಿರಲಿಲ್ಲ.

ಭಾನುವಾರ ಐದೂವರೆ, ಕೈಮರ ದಾಟಿ ಮೇಲೆ.
ಹಾಲಿನ ವ್ಯಾನು ಇನ್ನೂ ಇಳಿದಿರಲಿಲ್ಲ.
ಮೊದಲ ನಾಲ್ಕು ತಿರುವು ಕಾರು ಹಲಗೆಯಂತೆ ಹೋಯಿತು,
ಅವಳು ನಕ್ಕಳು ಕೂಡ.
ಐದನೆಯದರಲ್ಲಿ ಸಿಲ್ವರ್ ಓಕ್ ನೆರಳಿಗೆ ರಸ್ತೆ ಒದ್ದೆ.
ಕಾಲು ಒತ್ತಿದಳು,
ಹಿಂದಿನ ಒಳಚಕ್ರ ನೆಲ ಬಿಟ್ಟಿತು,
ಬಾಲಕ್ಕೆ ಅನ್ನಿಸಿತು: ಮುಂದೆ ಹೋಗುವುದು ತಾನೇ ಯಾಕಾಗಬಾರದು?

ಗಿರಿ ಎಡಗಡೆಯಿತ್ತು.
ಗಾಜಿನ ತುಂಬ ಬಂತು. ಬಲಕ್ಕೆ ಹೋಯಿತು.
ಆಮೇಲೆ ಕೆಳಗೆ ಚಿಕ್ಕಮಗಳೂರು, ದೀಪಗಳ ಸಮೇತ,
ಬಂದ ದಾರಿ ನಮ್ಮನ್ನೇ ನೋಡುತ್ತಿತ್ತು.
ಮೈಲಿಗಲ್ಲಿಗೂ ಬಂಪರಿಗೂ ನಡುವೆ
ನನ್ನ ಅಂಗೈಯಷ್ಟು ಜಾಗ. ಅಳೆದೆ.

ಲವೀನಾ ಬಾಯಲ್ಲಿ ಏನನ್ನೋ ಹೊರಳಿಸಿದಳು, ಬಹಳ ಹೊತ್ತು.
"ತೀರಾ ಹುರಿದುಬಿಟ್ಟಿದ್ದೀವಿ," ಅಂದಳು.

ಅಂಚಿಗೆ ತಳ್ಳಿ, ಜಾಕಿ ಏರಿಸಿ, ಗೋಣಿ ಹಾಸಿ ಅಡಿಗೆ ಹೋದೆ.
ಹದಿನೇಳರ ಸ್ಪ್ಯಾನರು.
ಎಡಕ್ಕೆ ಹೊರಗಿನ ತೂತು, ಬಲಕ್ಕೂ ಹೊರಗಿನದೇ.
ಹಾಲಿನ ವ್ಯಾನು ನಿಧಾನಿಸಿತು. "ಪಂಕ್ಚರಾ?"
"ಇಲ್ಲ, ಸ್ವಲ್ಪ ವಾಲೋಕೆ ಬಿಡ್ತಾ ಇದೀನಿ."
ಅವನಿಗೆ ತಿಳಿಯಲಿಲ್ಲ. ಕ್ಯಾನುಗಳನ್ನು ಗಲಗಲಿಸುತ್ತ
ಅದೇ ತಿರುವಿನಲ್ಲಿ, ತುಂಬು ಬಸುರಿಯ ಹಾಗೆ
ಮಗ್ಗುಲಿಗೆ ವಾಲಿಕೊಂಡು ಇಳಿದುಹೋದ.

ಈಗ ಕಾರು ಆರು ತಿಂಗಳಿಗೊಮ್ಮೆ ಬರುತ್ತದೆ.
ಒಳಗಿನ ತೂತುಗಳಲ್ಲಿ ಕೆಮ್ಮಣ್ಣು ತುಂಬಿರುತ್ತದೆ.
ಕಡ್ಡಿ ಹಾಕಿ ತೆಗೆದು, ಊದಿ, ಗ್ರೀಸ್ ಸವರಿ ಇಡುತ್ತೇನೆ.
ಯಾಕೆಂದು ಅವಳೂ ಕೇಳಿಲ್ಲ.