ಆರಿದಾಗ ಕೂಡಿಸು

ಹಲಗೆಗೆ ಆರು ಬಲ್ಬು ಕಟ್ಟಿದ್ದೆ, ಜೋಡಿ ಜೋಡಿ,
ಹಳೇ ಕಾಲದ ಅರವತ್ತು ವಾಟಿನವು;
ಮಾದಾಪುರದ ಅಂಗಡಿಯವ ಅಟ್ಟ ಹತ್ತಿ ಹುಡುಕಿ ಕೊಟ್ಟದ್ದು.
ಒಂದು ಕಡೆಯಿಂದ ಮಂಕ್ಯದ ತೋಡು,
ಇನ್ನೊಂದು ಕಡೆಯಿಂದ ಕಿಕ್ಕರಳ್ಳಿಯದು.
ನಡುವೆ ನಲವತ್ತೊಂದು ಕಂಬ,
ಹಂದಿ ಹಾಯುವ ದಾರಿಯ ಮೇಲೆ, ಏಲಕ್ಕಿ ಮಲೆಯ ಅಂಚಿನಲ್ಲಿ.

"ಬಲ್ಬು ಹತ್ತಿದರೆ ಕೂಡಿತು ಅಂತಲಾ, ಹಸೈನಾರೇ?"
ಮಂಕ್ಯದಿಂದ ನಡೆದೇ ಬಂದ ಚೋಂದಮ್ಮ ಕೇಳಿದಳು.
ಅಲ್ಲ ಅಕ್ಕಾ, ಆರಿದರೆ.
ಎರಡು ಚಕ್ರವೂ ತಿರುಗುತ್ತಿವೆ, ಒಂದೇ ಓಟ ಅನ್ನಿಸುತ್ತದೆ,
ಆದರೆ ಒಂದು ಕೂದಲೆಳೆ ಮುಂದೆ, ಒಂದು ಹಿಂದೆ.
ಆ ಕೂದಲೆಳೆಗೇ ಬಲ್ಬು ಉರಿಯುವುದು.
ಈಗ ಕಾಣುವ ಬೆಳಕೆಲ್ಲ ಜಗಳದ್ದು.

ಜಗಳ ಎಂದರೆ ನೆನಪಾಯಿತು:
ಶಾಲೆಯ ಜಗಲಿಯಲ್ಲಿ ಹನ್ನೊಂದು ಸಭೆ.
"ನಮ್ಮ ನೀರು ಅವರ ಮಿಕ್ಸಿ ತಿರುಗಿಸಬೇಕೋ?"
ಮೊಣ್ಣಪ್ಪ ಮೇಜು ಗುದ್ದಿದ್ದರು, ಮೇಜಿನ ಕಾಲು ಹೋಯಿತು.
"ನಿಮ್ಮ ಮೇಲಿನ ಮಳೆ ನಮ್ಮ ಗದ್ದೆಗೇ ಇಳಿಯುತ್ತದಲ್ಲ,
ಯಾವ ವರ್ಷ ಬಾಡಿಗೆ ಬರೆದಿದ್ದೀರಿ?"
ಅಂದವಳು ಇದೇ ಚೋಂದಮ್ಮ.
ಮೇಜಿನ ಕಾಲಿನ ಖರ್ಚು ಯಾರದೆಂದು
ಹನ್ನೆರಡನೇ ಸಭೆಗೆ ಇಟ್ಟಿದ್ದಾರೆ.

ಕಕ್ಕಡದಲ್ಲಿ ಕಿಕ್ಕರಳ್ಳಿಗೆ ಕರೆಂಟು ಹೆಚ್ಚಾಗಿ
ಡ್ರಮ್ಮಿನ ನೀರಿಗೆ ಸುರಿಯುತ್ತಿದ್ದರು;
ಯಾರೂ ಮೀಯದ ಬಿಸಿನೀರು
ಆವಿಯಾಡುತ್ತ ಚರಂಡಿಯಲ್ಲಿ ಹರಿಯುತ್ತಿತ್ತು.
ಮಾರ್ಚಿ ಬಂದರೆ ಅದೇ ಪೈಪಿನ ಬಾಯಲ್ಲಿ
ಒಂದು ಏಡಿ, ಮನೆಯೊಡೆಯನ ಹಾಗೆ.
ಮಂಕ್ಯದ್ದು ಜೌಗಿನ ನೀರು. ಎಂದೂ ಹೆಚ್ಚಿಲ್ಲ,
ಎಂದೂ ಇಲ್ಲ ಅನ್ನಿಸಿಕೊಂಡದ್ದಿಲ್ಲ.
ಆದರೆ ಅಕ್ಕಿ ಗಿರಣಿಗೆ ಸಾಲದು,
ಗಿರಣಿ ಹೊರಟರೆ ಊರೇ ಮಂಕು.

ಪಳಂಗಪ್ಪ ವಾಲ್ವಿನ ಬಳಿ ಕೂತ.
ಕಾಲು ಸುತ್ತು ಬಿಡು. ಇಲ್ಲ, ಅರ್ಧ ತಿರುಗಿಸು ಹಿಂದಕ್ಕೆ.
ಬಲ್ಬುಗಳು ಬೆಳಗಿದವು, ಮಂಕಾದವು, ಬೆಳಗಿದವು,
ಓಡಿ ಬಂದವನ ಎದೆಯ ಹಾಗೆ;
ಆಮೇಲೆ ಕೂತವನ ಎದೆಯ ಹಾಗೆ.

ಮೊದಲ ಸಲ ಆತುರಪಟ್ಟೆ.
ನೆಲ ಒದ್ದಂತಾಯಿತು, ಬೆಲ್ಟು ಹಾರಿ ಗೋಡೆಗೆ ಬಡಿಯಿತು,
ಫ್ಯೂಸು ಸುಟ್ಟ ವಾಸನೆ,
ಎರಡು ಊರಿನ ನಾಯಿಗಳೂ ಕತ್ತಲಲ್ಲಿ ಒಟ್ಟಿಗೆ ಬೊಗಳಿದವು.
"ಅಷ್ಟಾದರೂ ಕೂಡಿತಲ್ಲ" ಅಂದರು ಮೊಣ್ಣಪ್ಪ,
ಟಾರ್ಚು ಹಿಡಿದುಕೊಂಡೇ.

ಇಪ್ಪತ್ತೆಂಟು ವರ್ಷ ಮೋಟಾರಿಗೆ ತಂತಿ ಸುತ್ತಿದ್ದೇನೆ,
ಸುಟ್ಟದ್ದನ್ನು ಬಿಚ್ಚುವುದೇ ಬದುಕು.
ಕಾಯುವುದನ್ನು ಯಾರೂ ಕೂಲಿ ಕೊಟ್ಟು ಕಲಿಸಿರಲಿಲ್ಲ.

ಎರಡನೇ ಸಲ ಬಲ್ಬುಗಳು
ನಿಧಾನ ಕೆಂಪಾದವು, ಒಳಗಿನ ಎಳೆ ಮಾತ್ರ ಕಾಣುವಷ್ಟು,
ಆಮೇಲೆ ಅದೂ ಇಲ್ಲ.
ಇಲ್ಲದ್ದು ಇನ್ನೂ ಇಲ್ಲದಾಗುವ ಆ ನಡುವಿನಲ್ಲಿ
ಹಿಡಿ ಎಳೆದೆ.

ಏನೂ ಆಗಲಿಲ್ಲ.
"ಆಯ್ತಾ?" ಎಂದಳು ಚೋಂದಮ್ಮ.
ಆಯ್ತು.
"ಯಾವುದು?"
ತೋರಿಸಲು ನನ್ನಲ್ಲಿ ಆರು ಕಪ್ಪು ಬಲ್ಬು ಬಿಟ್ಟರೆ ಏನಿತ್ತು?
ಅವಳು ಬಾಳೆಲೆ ಬಿಚ್ಚಿ ಕಡಂಬುಟ್ಟು ಹಂಚಿದಳು,
ತಿಂದ ಮೇಲೆ ಎಲ್ಲರಿಗೂ ಅಷ್ಟಿಷ್ಟು ನಂಬಿಕೆ ಬಂತು.

ಮುಟ್ಲಿನ ಕಂಬಗಳು ಇನ್ನೂ ಲಾರಿಯ ಮೇಲೇ ಇವೆ.
ಅವರ ಸಭೆ ಏಳನೆಯದಕ್ಕೆ ನಿಂತಿದೆ.

ರಾತ್ರಿ ಹತ್ತರ ಹೊತ್ತಿಗೆ
ಕಿಕ್ಕರಳ್ಳಿಯ ಜಾಲರಿಗೆ ಹಲಸಿನೆಲೆ ಕಟ್ಟಿ ನೀರು ನಿಂತಿತು.
ಮೀಟರಿನ ಮುಳ್ಳು ಸೊನ್ನೆ ದಾಟಿ ಹಿಂದಕ್ಕೆ ಬಿತ್ತು:
ನಮ್ಮ ಚಕ್ರವನ್ನು ಮಂಕ್ಯದ ಜೌಗು ತಿರುಗಿಸುತ್ತಿತ್ತು.
ಎದುರು ದಿಬ್ಬದಲ್ಲಿ ಮೊಣ್ಣಪ್ಪನವರ ಮನೆಯ ದೀಪ,
ರೇಡಿಯೋ ಕೂಡ, ಅಲುಗಲಿಲ್ಲ.

ಹೋಗಿ ಹೇಳಲೋ ಎಂದುಕೊಂಡೆ.
ಪಳಂಗಪ್ಪನ ಕೈಗೆ ಕುಕ್ಕೆ ಕೊಟ್ಟು
ಎಲೆ ತೆಗೆಯಲು ಕಳಿಸಿದೆ.