ಎರಡನೆಯ ಹಾರ್ನ್

ಶಾಲೆಯವರು ಕೊಟ್ಟ ಹಾರ್ನಿಗೆ ಸೊಂಟದಲ್ಲೊಂದು ನೆಗ್ಗು.
ಪೆಟ್ಟಿಗೆಯ ಮುಚ್ಚಳದ ಒಳಗೆ
ಮೊಳೆಯಲ್ಲಿ ಗೀಚಿದ ನಾಲ್ಕು ಹೆಸರು.
ಮೂರನೆಯದು ಇಂಗ್ವಾಲ್ಡನದು,
ಮೀನು ಕಾರ್ಖಾನೆಯಲ್ಲಿ ನನ್ನ ಎಡಕ್ಕೆ ನಿಂತು
ಹದಿನೆಂಟು ವರ್ಷದಿಂದ ಕಾಡ್ ಮೀನು ಸೀಳುವವನು,
ಹವೆಯ ವಿಚಾರ ಬಿಟ್ಟು ಬೇರೆ ಮಾತಾಡಿದವನಲ್ಲ.
ಐದನೆಯದನ್ನು ಮಗಳು ಪೆನ್ಸಿಲಿನಲ್ಲಿ ಬರೆದಳು:
ಸುನ್ನೀವ.
ಬೇಕಾದರೆ ಅಳಿಸಬಹುದು, ಹಾಗೆ.

ವಾರ್ಡೊದಲ್ಲಿ ಸೂರ್ಯ ಮುಳುಗಿ ಆಗಲೇ ಹನ್ನೆರಡು ದಿನ;
ಮತ್ತೆ ಏಳುವುದು ಜನವರಿಗೆ.
ಉಪ್ಪಿನ ಡಬ್ಬಿಗೆ ಹಾಳೆ ಒರಗಿಸಿ ಊದಿದಳು:
ಬಿಟ್ಟು, ಪಂ. ಬಿಟ್ಟು, ಪಂ.
ಬಿಟ್ಟು, ಪಂ ಪಂ.
ಅರ್ಧ ಗಂಟೆ ಅದೇ.
ಹಾಡೆಲ್ಲಿ? ಅಂದೆ.
ಅದು ಕಾರ್ನೆಟ್ಟಿನವರ ಹತ್ತಿರ ಇದೆ, ಅಂದಳು,
ಸಕ್ಕರೆ ಪಕ್ಕದ ಮನೆಯಲ್ಲಿದೆ ಅನ್ನುವ ಹಾಗೆ.

ರಾತ್ರಿ ಪಾಳಿ ಮುಗಿಸಿ ಬಂದ ಬೋದಿಲ್
ಕಿವಿಗೆ ಹತ್ತಿಯಿಟ್ಟು ಮಲಗಿದ್ದಳು.
ನನ್ನ ಕೈ ಇನ್ನೂ ಮರಗಟ್ಟಿತ್ತು.
ಬಾಗಿಲು ಹಾಕಿಕೋ, ಅಂದೆ.
ಹಾಕಿಕೊಂಡಳು. ಆಮೇಲೆ ಆರು ದಿನ
ಪೆಟ್ಟಿಗೆ ಮಂಚದ ಕೆಳಗೆ.
ಮನೆ ತಣ್ಣಗಿತ್ತು,
ಇಂಥದ್ದನ್ನೇ ಬಯಸಿದ್ದೆನಲ್ಲ ಎಂದು ನಾಚಿಕೆಯಾಗುವಷ್ಟು.

ಬ್ಯಾಂಡಿನ ಟೀಚರು ಆಸ್ಲಾಗ್ ಫೋನು ಮಾಡಿದರು.
ಬೈಯಲಿಲ್ಲ. ಕಲಿಸುವುದು ನನ್ನ ಕೆಲಸ, ಅಂದರು,
ಅವಳು ಊದುವಾಗ ಅಡುಗೆಮನೆಯಲ್ಲಿ ಇರುವುದು ನಿಮ್ಮದು.
ಮತ್ತೆ, ಶನಿವಾರ ಬಂದು
ಮೂವತ್ತು ಕಟ್ಟು ಟಾಯ್ಲೆಟ್ ಪೇಪರ್ ಒಯ್ಯಿರಿ;
ಹೊಸ ಡೋಲು ಅದರಿಂದಲೇ ಬರಬೇಕು.

ಹೀಗೆ, ಹಿಮಗಾಳಿಗೆ ಎದೆಕೊಟ್ಟು,
ಮಕ್ಕಳ ಸಂಗೀತವನ್ನು ಸುರುಳಿ ಲೆಕ್ಕದಲ್ಲಿ
ಮನೆಮನೆಗೆ ಮಾರಿದೆ.
ಲೈಟ್‌ಹೌಸ್ ಕಡೆಯ ಮುದುಕಿ ಪೆಟ್ರಾ
ತನ್ನ ಉಗ್ರಾಣದ ಬಾಗಿಲು ತೆಗೆದು ತೋರಿಸಿದಳು:
ಸೂರಿನವರೆಗೂ ಬರೀ ಟಾಯ್ಲೆಟ್ ಪೇಪರ್.
ಮೂರು ತಲೆಮಾರಿನ ಬ್ಯಾಂಡಯ್ಯ ಇದು,
ನನಗೆ ನೂರೈವತ್ತು ವರ್ಷಕ್ಕೆ ಸಾಕು.
ನಿನ್ನ ಮಗು ಊದುವುದೇನು?
ಎರಡನೆಯ ಹಾರ್ನು, ಅಂದೆ. ಹಾಡಿಲ್ಲ. ಬರೀ ಪಂ.
ಅಯ್ಯೋ ಪೆದ್ದೇ, ಅಂದಳು,
ಬಾಗಿಲ ಚೌಕಟ್ಟನ್ನು ಬೆರಳಲ್ಲಿ ಬಡಿಯುತ್ತ
ಹಲ್ಲಿಲ್ಲದ ಬಾಯಲ್ಲಿ ಇಡೀ ನಡಿಗೆಗತ್ತು ಗುನುಗಿದಳು,
ನಾನು ಒಪ್ಪಿಸುವವರೆಗೂ ಬಿಡಲಿಲ್ಲ.
ಇನ್ನೊಂದು ಕಟ್ಟು ಕೊಂಡಳು.

ಬಾಯಲ್ಲಿ ಹಾಡಿಟ್ಟುಕೊಂಡು ಬಂದೆ,
ಗಾಳಿ ಕಸಿಯದ ಹಾಗೆ ತುಟಿ ಮುಚ್ಚಿ.
ಆಲೂಗಡ್ಡೆ ಸುಲಿಯುತ್ತ ಬಿಟ್ಟೆ, ಮೆಲ್ಲಗೆ,
ಯಾರಿಗೂ ಅಲ್ಲ ಎಂಬಂತೆ.
ಕೋಣೆಯೊಳಗೆ ಪೆಟ್ಟಿಗೆಯ ಚಿಲಕ: ಟಕ್.
ಇನ್ನೊಂದು: ಟಕ್.
ನಾನು ಉಸಿರೆಳೆದ ಸಂದಿಗೆ ಸರಿಯಾಗಿ
ಬಂದು ಕೂತಿತು ಒಂದು ಪಂ.
ಮತ್ತೊಂದು ಸಂದಿ, ಮತ್ತೊಂದು.
ಅಪ್ಪ, ಓಡಬೇಡ, ಅಂದಳು ಒಳಗಿಂದ.
ಅಷ್ಟು ದಿನ ನಾನು ಕೇಳಿದ್ದು ಬರೀ ತೂತು;
ಅದು ಗುಂಡಿಯ ಮನೆ ಎಂದು ಗೊತ್ತಿರಲಿಲ್ಲ.

ಮೇ ಹದಿನೇಳು. ಮೆರವಣಿಗೆಗೆ ಆಲಿಕಲ್ಲು.
ಕವಾಟ ಹೆಪ್ಪುಗಟ್ಟದಿರಲೆಂದು ಬೆಳಗಿನಿಂದ
ಹಾರ್ನನ್ನು ಬೋದಿಲ್ ಕೋಟಿನೊಳಗೆ ಕೂಸಿನಂತೆ ಹೊತ್ತಿದ್ದಳು.
ನಾನು ರಸ್ತೆಯಂಚಲ್ಲಿ, ಒಣ ಕೈಗವಸು ಹಿಡಿದು.
ಊರಿಗೆಲ್ಲ ಕೇಳಿದ್ದು ಹಾಡು.
ನನಗೆ ಅದರ ಹಿಂದಿನ ಸಾಲಿನದು ಮಾತ್ರ.
ಬ್ಯಾಂಕಿನ ತಿರುವಿನಲ್ಲಿ ಗಾಳಿ ಅವಳ ಹಾಳೆ ಕಿತ್ತಿತು,
ಅವಳ ಕಣ್ಣು ಅದರ ಹಿಂದೆ ಹೋಯಿತು,
ಬಿಟ್ಟು, ಬಿಟ್ಟು,
ಪಂ, ಅಂದುಬಿಟ್ಟೆ, ಗಟ್ಟಿಯಾಗಿ.
ಅದೇ ಗಳಿಗೆಗೆ, ಕೂದಲೆಳೆಯಷ್ಟೂ ತಪ್ಪದೆ,
ನನ್ನ ಎಡಗಡೆಯಿಂದ ಇನ್ನೊಂದು ಗಂಡಸು ಗಂಟಲು: ಪಂ.

ಇಂಗ್ವಾಲ್ಡ್.
ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ.
ಗಾಳಿ ತಿರುಗಿದೆ, ಅಂದ.
ಹೌದು, ಅಂದೆ.